ಆ ಒಂದು ಸಾಲು

ಮೇಲ್ ಸರ್ವರ್ ಕೂರಿಸುವವರ ನಡುವೆ ಒಂದು ನಂಬಿಕೆ ಬೇರುಬಿಟ್ಟಿದೆ. ಅದು ಎಷ್ಟು ಆಳಕ್ಕೆ ಇಳಿದಿದೆಯೆಂದರೆ ಯಾರೂ ಅದನ್ನು ನಂಬಿಕೆ ಎನ್ನುವುದಿಲ್ಲ, ‘ಸೆಟ್ಟಿಂಗ್’ ಎನ್ನುತ್ತಾರೆ. ಕಚೇರಿಯಿಂದ ಹೊರಬೀಳುವ ಮೇಲನ್ನು ಪ್ರಾಂಶುಪಾಲರೇ ಬರೆದಿರಲಿ, ಶುಲ್ಕ ವಿಭಾಗದ ಗುಮಾಸ್ತೆಯೇ ಬರೆದಿರಲಿ, ನಡುರಾತ್ರಿ ಬ್ಯಾಕಪ್ ಮುಗಿಸಿದ ಯಂತ್ರವೇ ಕಳುಹಿಸಿರಲಿ, ಕಳುಹಿಸಿದವರ ವಿಳಾಸವನ್ನು ಹೊಸ್ತಿಲಲ್ಲೇ ಅಳಿಸಿ ಎಲ್ಲಕ್ಕೂ ‘ನೋ-ರಿಪ್ಲೈ’ ಎಂಬ ಒಂದೇ ವಿಳಾಸ ಅಂಟಿಸಿಬಿಡುವುದು. ಪೋಸ್ಟ್‌ಫಿಕ್ಸ್ ಎಂಬ ಸರ್ವರ್ ತಂತ್ರಾಂಶದಲ್ಲಿ ಇದಕ್ಕೆ ಬೇಕಾದದ್ದು ಒಂದು ಕಡತ, ಆ ಕಡತದಲ್ಲಿ ಒಂದು ಸಾಲು: ಯಾವ ವಿಳಾಸ ಕಂಡರೂ ಅದನ್ನು ಇದಾಗಿ ಬದಲಿಸು. ಉಡುಪಿ ಜಿಲ್ಲೆಯ ಶಿರ್ವದಿಂದ ಮಣಿಪಾಲದವರೆಗೆ, ಕಾಪುವಿನಿಂದ ಕಾರ್ಕಳದವರೆಗೆ ಶಾಲೆ, ಸೊಸೈಟಿ, ನರ್ಸಿಂಗ್ ಹೋಮುಗಳ ಕಂಪ್ಯೂಟರ್ ನೋಡಿಕೊಳ್ಳುವವರನ್ನು ಕೇಳಿ ನೋಡಿ. “ಒಂದು ಸಾಲು ಹಾಕಿದ್ರೆ ಆಯ್ತು ಸರ್, ಮತ್ತೆ ತಲೆಬಿಸಿ ಇಲ್ಲ” ಎನ್ನುತ್ತಾರೆ. ತಲೆಬಿಸಿ ಇಲ್ಲದಿರುವುದು ಅವರಿಗೆ. ಅದು ಯಾರ ತಲೆಗೆ ದಾಟಿತು ಎಂದು ವಿಚಾರಿಸುವವರಿಲ್ಲ.

ನಾನು ಈ ಸಾಲಿನ ವಿರೋಧಿ. ವಿಳಾಸ ತಿದ್ದುವ ಸೌಲಭ್ಯವನ್ನೇ ಕಿತ್ತೆಸೆಯಿರಿ ಎಂದು ಹೇಳುವಷ್ಟು ಮೂರ್ಖನಲ್ಲ. ಒಳಗಿನ ಹೆಸರು ಹೊರಗಿನವರಿಗೆ ತಿಳಿಯದಿದ್ದಾಗ ಅದೇ ವ್ಯಕ್ತಿಯನ್ನು ಹೊರಗೂ ಗುರುತು ಸಿಗುವ ಹೆಸರಿನಿಂದ ಕರೆಯುವುದಕ್ಕೆ ಆ ಸೌಲಭ್ಯ ಹುಟ್ಟಿತು. ಬರೆದವರು ಯಾರೆಂಬುದನ್ನೇ ಮುಚ್ಚಿಹಾಕಲು ಅದನ್ನು ಬಳಸುವುದು ಬೇರೆಯವರ ಕಾಗದಕ್ಕೆ ಕೈಹಾಕಿ ತಿದ್ದುವ ಕೆಲಸ. ಅದನ್ನು ಸರ್ವರ್ ಮಾಡಿತು ಎಂಬ ಕಾರಣಕ್ಕೆ ಅದು ಶುದ್ಧವಾಗುವುದಿಲ್ಲ.

ಮೊದಲು ನಿಜವಾದ ತೊಂದರೆ ಏನೆಂದು ನೋಡೋಣ, ಯಾಕೆಂದರೆ ತೊಂದರೆ ಸುಳ್ಳಲ್ಲ. ಕಚೇರಿಯ ಮೂಲೆಯಲ್ಲಿ ಒಂದು ಲಿನಕ್ಸ್ ಯಂತ್ರ ಇರುತ್ತದೆ. ಅದಕ್ಕೆ ‘ಆಫೀಸ್-ಪಿಸಿ’ ಎಂದೋ ‘ಲೋಕಲ್‌ಹೋಸ್ಟ್’ ಎಂದೋ ಯಾರೋ ಹೆಸರಿಟ್ಟಿರುತ್ತಾರೆ. ಅದು ಮೇಲ್ ಕಳುಹಿಸುವಾಗ ‘ರೂಟ್, ಆಫೀಸ್-ಪಿಸಿಯಿಂದ’ ಎಂದು ತನ್ನ ಪರಿಚಯ ಹೇಳಿಕೊಳ್ಳುತ್ತದೆ. ಆ ಹೆಸರಿನ ಡೊಮೈನ್ ಜಗತ್ತಿನ ಯಾವ ಡಿಎನ್‌ಎಸ್ ಪಟ್ಟಿಯಲ್ಲೂ ಇಲ್ಲ. ಪಡೆಯುವ ಸರ್ವರ್ ಪಟ್ಟಿ ತೆಗೆದು ನೋಡುತ್ತದೆ, ಇಂಥ ಡೊಮೈನೇ ಇಲ್ಲ ಎಂದು ಬಾಗಿಲು ಹಾಕುತ್ತದೆ. ಇದಕ್ಕೆ ಮದ್ದು ಬೇಕು. ಪೋಸ್ಟ್‌ಫಿಕ್ಸ್ ಬರೆದ ವೀಟ್ಸೆ ವೆನೆಮಾ ಅವರ ತಂತ್ರಾಂಶದಲ್ಲಿ ‘ಜೆನೆರಿಕ್’ ಎಂಬ ಪಟ್ಟಿ ಇರುವುದು ಇದಕ್ಕೇ. ಎಡಗಡೆ ಒಳಗಿನ ವಿಳಾಸ, ಬಲಗಡೆ ಅದಕ್ಕೆ ಸಮನಾದ ಹೊರಗಿನ ವಿಳಾಸ. ಒಬ್ಬರಿಗೆ ಒಂದು ಸಾಲು. ಈ ಪಟ್ಟಿ ಬರೆಯಲು ಅರ್ಧ ಗಂಟೆ ಕೂತುಕೊಳ್ಳಲಾರದವರು ಎಲ್ಲರಿಗೂ ಸೇರಿಸಿ ಒಂದೇ ಸಾಲು ಬರೆದರು. ಚರಿತ್ರೆ ಇಷ್ಟೇ.

ಆ ಒಂದು ಸಾಲು ತಾಂತ್ರಿಕವಾಗಿಯೂ ಎಂಥ ಅನಾಹುತ ಎಂಬುದು ಅದನ್ನು ಹಾಕಿದ ಎಷ್ಟೋ ಜನಕ್ಕೆ ಗೊತ್ತಿಲ್ಲ. ಜೆನೆರಿಕ್ ಪಟ್ಟಿ ಕಳುಹಿಸುವವರು, ಪಡೆಯುವವರು ಎಂಬ ಭೇದ ಮಾಡುವುದಿಲ್ಲ. ‘ಯಾವ ವಿಳಾಸ ಕಂಡರೂ’ ಎಂದು ಬರೆದರೆ ಅದು ಅಕ್ಷರಶಃ ಯಾವ ವಿಳಾಸ ಕಂಡರೂ ಬದಲಿಸುತ್ತದೆ. ಬ್ಯಾಂಕಿಗೆ ಹೋಗಬೇಕಾದ ಪತ್ರ ನೋ-ರಿಪ್ಲೈ ವಿಳಾಸ ಹೊತ್ತೇ ಹೊರಡುತ್ತದೆ. ಇದನ್ನು ಒಮ್ಮೆ ಅನುಭವಿಸಿದವರು ‘ಸೆಂಡರ್ ಕ್ಯಾನಾನಿಕಲ್’ ಎಂಬ ಇನ್ನೊಂದು ಪಟ್ಟಿಗೆ ಹಾರುತ್ತಾರೆ. ಅದು ಕಳುಹಿಸಿದವರ ವಿಳಾಸವನ್ನು ಮಾತ್ರ ಮುಟ್ಟುತ್ತದೆ, ನಿಜ. ಆದರೆ ಅದೇ ಸರ್ವರ್ ಮೂಲಕ ಮೇಲ್ ಒಳಗೂ ಬರುತ್ತಿದ್ದರೆ, ಬರುವ ಪತ್ರಗಳ ಲಕೋಟೆಯ ಮೇಲಿನ ಹೆಸರೂ ನೋ-ರಿಪ್ಲೈ ಆಗುತ್ತದೆ. ಮಂಗಳೂರಿನವರು ಬರೆದದ್ದು, ಮುಂಬೈಯವರು ಬರೆದದ್ದು ಎಲ್ಲದರ ಲಕೋಟೆಯೂ ನಿಮ್ಮದೇ ನೋ-ರಿಪ್ಲೈಯಿಂದ ಹೊರಟಂತೆ ಕಾಣುತ್ತದೆ. ನೆಗಡಿ ಬಂತೆಂದು ಮೂಗು ಕೊಯ್ದದ್ದು ಸಾಲದೆ ಪಕ್ಕದಲ್ಲಿ ಕೂತವರ ಮೂಗಿಗೂ ಚೂರಿ ಹಿಡಿದ ಹಾಗಾಯಿತು.

ತಿದ್ದುವ ಕೆಲಸಕ್ಕೆ ಒಂದು ಗೌರವದ ಇತಿಹಾಸವಿದೆ, ಅದನ್ನೂ ಹೇಳಬೇಕು. 1980ರ ಸುಮಾರಿಗೆ ಬರ್ಕ್‌ಲಿ ವಿಶ್ವವಿದ್ಯಾಲಯದಲ್ಲಿ ಎರಿಕ್ ಆಲ್ಮನ್ ಸೆಂಡ್‌ಮೇಲ್ ಬರೆಯುವಾಗ ಅವರ ಮುಂದೆ ಮೂರು ಬೇರೆ ಬೇರೆ ಜಾಲಗಳಿದ್ದವು. ಅರ್ಪಾನೆಟ್ಟಿನಲ್ಲಿ ವಿಳಾಸ ಬರೆಯುವ ರೀತಿ ಒಂದು, ಯುಯುಸಿಪಿಯಲ್ಲಿ ಇನ್ನೊಂದು, ಬರ್ಕ್‌ನೆಟ್ಟಿನಲ್ಲಿ ಮತ್ತೊಂದು. ಒಂದು ಜಾಲದ ಪತ್ರ ಇನ್ನೊಂದಕ್ಕೆ ದಾಟಬೇಕಾದರೆ ವಿಳಾಸ ತಿದ್ದಲೇಬೇಕಿತ್ತು. ಸೆಂಡ್‌ಮೇಲಿನ ಕುಖ್ಯಾತ ನಿಯಮಾವಳಿ ಹುಟ್ಟಿದ್ದು ಆ ಅಗತ್ಯದಿಂದ. ಆದರೆ ಆ ತಿದ್ದುಪಡಿಯಲ್ಲಿ ಯಾರೂ ಕಳೆದುಹೋಗುತ್ತಿರಲಿಲ್ಲ. ಆಚೆ ದಡದಲ್ಲಿ ನಿಂತವರು ಉತ್ತರ ಬರೆದರೆ ಅದು ಈಚೆ ದಡದ ಅದೇ ಮನುಷ್ಯರಿಗೆ ತಲುಪಬೇಕು, ಇದೇ ಪರೀಕ್ಷೆ.

ನಮ್ಮಲ್ಲೂ ಇಂಥ ಉದಾಹರಣೆಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರ ವಿಳಾಸಗಳು ಬಹುಕಾಲ ‘ಐಐಎಸ್‌ಸಿ ಡಾಟ್ ಅರ್ನೆಟ್ ಡಾಟ್ ಇನ್’ ಎಂದು ಮುಗಿಯುತ್ತಿದ್ದವು. ದೇಶದ ಶೈಕ್ಷಣಿಕ ಜಾಲ ಅರ್ನೆಟ್ಟಿನ ಕಾಲದ ಗುರುತು ಅದು. ಅವು ಸಂಶೋಧನಾ ಪ್ರಬಂಧಗಳ ಮೊದಲ ಪುಟದಲ್ಲಿ ಅಚ್ಚಾಗಿ ಜಗತ್ತಿನ ಗ್ರಂಥಾಲಯಗಳಲ್ಲೆಲ್ಲ ಕೂತಿವೆ. ಆಮೇಲೆ ಸಂಸ್ಥೆ ‘ಐಐಎಸ್‌ಸಿ ಡಾಟ್ ಎಸಿ ಡಾಟ್ ಇನ್’ಗೆ ಬದಲಾಯಿತು. ಇಂಥ ಹೊತ್ತಿನಲ್ಲಿ ಹೊರಹೋಗುವ ವಿಳಾಸವನ್ನು ಸರ್ವರಿನಲ್ಲೇ ತಿದ್ದುವುದು ಸಹಜ, ನ್ಯಾಯ. ಹಳೆಯ ಬಾಲ ಹೋಗಿ ಹೊಸ ಬಾಲ ಬರುತ್ತದೆ, ತಲೆ ಅದೇ ಇರುತ್ತದೆ.

ಉಡುಪಿಯವರಿಗೆ ಇದಕ್ಕಿಂತ ಹತ್ತಿರದ ಪಾಠ ಬೇಕೆ? 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮಣಿಪಾಲದಲ್ಲಿ ಬೆಳೆದ ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಅದೇ ದಿನ, 1906ರಲ್ಲಿ ಉಡುಪಿಯಲ್ಲೇ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನೊಳಗೆ ಹೋಯಿತು. ಊರಿನ ಅಭಿಮಾನಕ್ಕೆ ಪೆಟ್ಟು ಬಿತ್ತು, ಆ ಮಾತು ಇಲ್ಲಿ ಬೇಡ. ಐಎಫ್‌ಎಸ್‌ಸಿ ಕೋಡುಗಳಿಗೆ ಏನಾಯಿತು ನೋಡಿ. ‘ಎಸ್‌ವೈಎನ್‌ಬಿ’ ಎಂದು ಶುರುವಾಗುತ್ತಿದ್ದ ಸಿಂಡಿಕೇಟ್ ಕೋಡುಗಳು ‘ಸಿಎನ್‌ಆರ್‌ಬಿ’ ಆದವು, ಶಾಖೆಯ ಅಂಕಿಗೆ 10000 ಕೂಡಿಸಲಾಯಿತು. 3687 ಇದ್ದದ್ದು 13687. ಹಳೆಯ ಕೋಡುಗಳು ತಕ್ಷಣ ಸಾಯಲಿಲ್ಲ. ವಿಲೀನವಾಗಿ ವರ್ಷ ದಾಟಿದ ಮೇಲೆ, 2021ರ ಜುಲೈ 1ರಿಂದ ನಿಂತವು. ಕೋಡ್ ತಿದ್ದುವುದೆಂದರೆ ಇದು. ಹಿಂದಕ್ಕೆ ಲೆಕ್ಕ ಹಾಕಿದರೆ ಪ್ರತಿ ಶಾಖೆಯೂ ತನ್ನ ಜಾಗದಲ್ಲಿ ಸಿಗುತ್ತದೆ. ಈಗ ಒಂದು ಕ್ಷಣ ಯೋಚಿಸಿ: ಆ ಬ್ಯಾಂಕಿನ ತಂತ್ರಜ್ಞರು ‘ಎಲ್ಲ ಶಾಖೆಗೂ ಒಂದೇ ಕೋಡ್ ಹಾಕಿಬಿಡೋಣ, ತಲೆಬಿಸಿ ಇಲ್ಲ’ ಎಂದಿದ್ದರೆ? ದುಬೈಯಿಂದ ಮಗ ಕಳುಹಿಸಿದ ದುಡ್ಡು ಶಿರ್ವದ ಅಮ್ಮನ ಖಾತೆಗೆ ಬಂದು ಸೇರುತ್ತಿತ್ತೆ? ದುಡ್ಡಿನ ವಿಷಯದಲ್ಲಿ ನಾವು ಒಪ್ಪದ ಹುಚ್ಚನ್ನು ಮಾತಿನ ವಿಷಯದಲ್ಲಿ ‘ಸೆಟ್ಟಿಂಗ್’ ಎಂದು ಒಪ್ಪಿಕೊಂಡಿದ್ದೇವೆ.

ಒಂದೇ ವಿಳಾಸದ ಪರವಾಗಿ ಹೇಳುವ ಮೊದಲ ಮಾತು: ಹಾಗೆ ಮಾಡಿದರೆ ಮಾತ್ರ ಮೇಲ್ ತಲುಪುತ್ತದೆ, ಇಲ್ಲದಿದ್ದರೆ ಸ್ಪ್ಯಾಮಿಗೆ ಬೀಳುತ್ತದೆ. ಇದು ಅರ್ಧ ಸತ್ಯ. ಅರ್ಧ ಸತ್ಯ ಪೂರ್ತಿ ಸುಳ್ಳಿಗಿಂತ ಹೆಚ್ಚು ದಿನ ಬಾಳುತ್ತದೆ, ಆದ್ದರಿಂದ ಇದನ್ನು ಬಿಡಿಸಿ ನೋಡಬೇಕು.

ಇಮೇಲಿಗೆ ಅಂಚೆಯ ಹಾಗೆ ಲಕೋಟೆಯೂ ಇದೆ, ಒಳಗೆ ಕಾಗದವೂ ಇದೆ. ಲಕೋಟೆಯ ಮೇಲಿನ ಕಳುಹಿಸುವವರ ವಿಳಾಸ ಸರ್ವರುಗಳು ತಮ್ಮೊಳಗೆ ಮಾತಾಡಿಕೊಳ್ಳುವುದಕ್ಕೆ. ತಲುಪದ ಪತ್ರ ಎಲ್ಲಿಗೆ ಹಿಂದಿರುಗಬೇಕು ಎಂದು ಅದು ಹೇಳುತ್ತದೆ. ಕಾಗದದ ತಲೆಯಲ್ಲಿರುವ ‘ಫ್ರಮ್’ ಓದುವವರಿಗೆ. ಅಂಚೆ ಕಚೇರಿ ನಮ್ಮ ಇನ್‌ಲ್ಯಾಂಡ್ ಪತ್ರದ ಮೇಲೆ ತನ್ನ ಮೊಹರು ಒತ್ತುತ್ತಿತ್ತು. ಶಿರ್ವ ಅಂಚೆಯ ಮೊಹರು ಬಿದ್ದ ಪತ್ರ ಎಲ್ಲಿಂದ ಹೊರಟಿತು ಎಂದು ಬೊಂಬಾಯಿಯಲ್ಲಿ ಗೊತ್ತಾಗುತ್ತಿತ್ತು. ಆದರೆ ಹಿಂಬದಿಯಲ್ಲಿ ಕಳುಹಿಸುವವರ ಹೆಸರು, ವಿಳಾಸ ಎಂದು ಅಚ್ಚಾದ ಜಾಗದಲ್ಲಿ ಅಜ್ಜಿ ಬರೆಸಿದ್ದನ್ನು ಹೊಡೆದುಹಾಕಿ ‘ಪೋಸ್ಟ್ ಮಾಸ್ಟರ್, ಶಿರ್ವ’ ಎಂದು ಬರೆಯುವ ಹಕ್ಕು ಯಾವ ಅಂಚೆಯವರಿಗೂ ಇರಲಿಲ್ಲ. ನಮ್ಮ ಸರ್ವರಿನವರು ಮಾಡುತ್ತಿರುವುದು ಅದನ್ನೇ.

ಎಸ್‌ಪಿಎಫ್ ಎಂಬ ವ್ಯವಸ್ಥೆ ನೋಡುವುದು ಲಕೋಟೆಯನ್ನು: ಈ ಡೊಮೈನಿನ ಪರವಾಗಿ ಮೇಲ್ ಕಳುಹಿಸಲು ಈ ಯಂತ್ರಕ್ಕೆ ಅಧಿಕಾರ ಇದೆಯೇ? ಡಿಕಿಮ್ ನೋಡುವುದು ಸಹಿಯನ್ನು: ಈ ಕಾಗದ ಹೊರಟ ಮೇಲೆ ದಾರಿಯಲ್ಲಿ ಯಾರಾದರೂ ಕೈಯಾಡಿಸಿದರೇ? 2012ರಲ್ಲಿ ಮೊದಲು ಪ್ರಕಟವಾದ ಡಿಮಾರ್ಕ್ ಇವೆರಡನ್ನೂ ಓದುವವರ ಕಣ್ಣಿಗೆ ಬೀಳುವ ಫ್ರಮ್ ವಿಳಾಸದ ಡೊಮೈನಿಗೆ ಕಟ್ಟಿತು. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಇದನ್ನು ಕಡ್ಡಾಯದ ಮಟ್ಟಕ್ಕೆ ತಂದವು. ಗೂಗಲ್ ತನ್ನ ಜಿಮೇಲ್ ಖಾತೆಗಳಿಗೆ ದಿನಕ್ಕೆ 5000ಕ್ಕಿಂತ ಹೆಚ್ಚು ಮೇಲ್ ಕಳುಹಿಸುವವರಿಗೆ ಮೂರನ್ನೂ ಕೇಳುತ್ತದೆ, ಉಳಿದವರಿಗೆ ಎಸ್‌ಪಿಎಫ್ ಅಥವಾ ಡಿಕಿಮ್ ಒಂದಾದರೂ ಇರಬೇಕು ಎನ್ನುತ್ತದೆ.

ಇದರಲ್ಲಿ ಎಲ್ಲಿಯಾದರೂ ‘ಎಲ್ಲರಿಗೂ ಒಂದೇ ಫ್ರಮ್ ಇರಬೇಕು’ ಎಂದಿದೆಯೇ? ಇಲ್ಲ. ಎಲ್ಲವೂ ಡೊಮೈನಿನ ಮಾತು. ‘ಪ್ರಾಂಶುಪಾಲರು’, ‘ಗ್ರಂಥಾಲಯ’, ‘ಪರೀಕ್ಷಾ ವಿಭಾಗ’ ಎಂದು ಐವತ್ತು ವಿಳಾಸಗಳಿದ್ದರೂ ಡೊಮೈನ್ ಒಂದೇ ಆದರೆ ಒಂದೇ ಎಸ್‌ಪಿಎಫ್ ದಾಖಲೆ, ಒಂದೇ ಡಿಕಿಮ್ ಕೀಲಿ ಐವತ್ತಕ್ಕೂ ಸಾಕು. ಮೇಲ್ ತಲುಪದಿದ್ದರೆ ಎಷ್ಟೋ ಸಲ ಡಿಎನ್‌ಎಸ್‌ನಲ್ಲಿ ಆ ಎರಡು ದಾಖಲೆ ಇಲ್ಲ ಎಂದರ್ಥ. ಅದನ್ನು ಸೇರಿಸಲು ಡೊಮೈನಿನ ಪಾಸ್‌ವರ್ಡ್ ಬೇಕು. ಪಾಸ್‌ವರ್ಡ್ ಯಾರ ಹತ್ತಿರ ಇದೆ? ಎಂಟು ವರ್ಷದ ಹಿಂದೆ ವೆಬ್‌ಸೈಟ್ ಮಾಡಿಕೊಟ್ಟವರ ಹತ್ತಿರ. ಅವರೀಗ ಫೋನ್ ಎತ್ತುವುದಿಲ್ಲ. ಪಾಸ್‌ವರ್ಡ್ ಹುಡುಕುವುದು ಆಡಳಿತದ ಕೆಲಸ, ಕಿರಿಕಿರಿಯ ಕೆಲಸ. ಹಾಗಾಗಿ ಎಲ್ಲ ಮೇಲನ್ನೂ ಒಂದು ಜಿಮೇಲ್ ಖಾತೆಯ ಮೂಲಕ ಹಾಯಿಸಿ, ಎಲ್ಲರ ಹೆಸರನ್ನೂ ಆ ಖಾತೆಯ ಹೆಸರಾಗಿ ತಿದ್ದಿ ಕೈತೊಳೆದುಕೊಳ್ಳುತ್ತಾರೆ. ನೀವು ತಿದ್ದದಿದ್ದರೂ ಜಿಮೇಲ್ ಸರ್ವರ್ ತಾನೇ ತಿದ್ದುತ್ತದೆ. ಆ ಖಾತೆಯಲ್ಲಿ ಮೊದಲೇ ಒಪ್ಪಿಗೆ ಪಡೆಯದ ಫ್ರಮ್ ವಿಳಾಸಕ್ಕೆ ಅಲ್ಲಿ ಜಾಗವಿಲ್ಲ. ಸಾಮಾನ್ಯ ಜಿಮೇಲ್ ಖಾತೆಗೆ ದಿನಕ್ಕೆ 500ರ ಮಿತಿಯೂ ಇದೆ. ಪರೀಕ್ಷೆಯ ಫಲಿತಾಂಶದ ದಿನ ಆ ಮಿತಿ ಮುಟ್ಟಿ ಎಲ್ಲ ನಿಂತಾಗ ‘ಸರ್ವರ್ ಡೌನ್’ ಎಂದು ನೋಟಿಸ್ ಬೋರ್ಡಿಗೆ ಚೀಟಿ ಅಂಟಿಸುತ್ತಾರೆ.

ಇನ್ನೂ ತಮಾಷೆಯ ಸಂಗತಿಯೊಂದಿದೆ. ತಲುಪಲಿ ಎಂದು ಹಾಕಿದ ಸಾಲೇ ಎಷ್ಟೋ ಸಲ ತಲುಪದಂತೆ ಮಾಡುತ್ತದೆ. ಪೋಸ್ಟ್‌ಫಿಕ್ಸ್‌ನಲ್ಲಿ ಡಿಕಿಮ್ ಸಹಿ ಬೀಳುವುದು ಪತ್ರ ಒಳಗೆ ಬಂದ ಹೊತ್ತಿಗೆ. ಜೆನೆರಿಕ್ ತಿದ್ದುಪಡಿ ನಡೆಯುವುದು ಪತ್ರ ಹೊರಡುವ ಕೊನೆಯ ಗಳಿಗೆಯಲ್ಲಿ. ಸಹಿ ಹಾಕಿದ ಮೇಲೆ ಫ್ರಮ್ ತಿದ್ದಿದರೆ ಸಹಿ ಒಡೆಯುತ್ತದೆ. ಪಡೆದವರ ಸರ್ವರಿಗೆ ಆ ಪತ್ರ ದಾರಿಯಲ್ಲಿ ಯಾರೋ ಕೈಯಾಡಿಸಿದ ಪತ್ರವಾಗಿಯೇ ಕಾಣುತ್ತದೆ. ಅದರ ತೀರ್ಮಾನ ಸರಿಯಾಗಿಯೇ ಇದೆ, ಕೈಯಾಡಿಸಿದ್ದು ನಾವೇ.

ಎರಡನೆಯ ಸಮರ್ಥನೆ ಭದ್ರತೆಯದು. ಸಿಬ್ಬಂದಿಯ ವಿಳಾಸ ಹೊರಗೆ ಹೋದರೆ ಮೋಸಗಾರರು ಹಿಡಿಯುತ್ತಾರೆ, ಆದ್ದರಿಂದ ಮರೆಮಾಡಬೇಕು. ಕೇಳಲು ಗಂಭೀರವಾಗಿದೆ. ಆದರೆ ಮೋಸಗಾರರಿಗೆ ಅತ್ಯಂತ ಸಲೀಸಾಗಿ ನಟಿಸಲು ಬರುವುದು ಯಾವ ಧಾಟಿ? ಹೆಸರಿಲ್ಲದ, ಸಹಿಯಿಲ್ಲದ, ‘ಈ ಮೇಲಿಗೆ ಉತ್ತರಿಸಬೇಡಿ, ಕೆಳಗಿನ ಲಿಂಕ್ ಒತ್ತಿ’ ಎನ್ನುವ ಧಾಟಿ. ನಮ್ಮ ಸಂಸ್ಥೆಗಳು ನೋ-ರಿಪ್ಲೈ ಕಳುಹಿಸಿ ಕಳುಹಿಸಿ ಜನರಿಗೆ ಆ ಧಾಟಿಯನ್ನು ನಂಬುವ ಅಭ್ಯಾಸ ಮಾಡಿಸಿವೆ. ಇತ್ತ ರಿಸರ್ವ್ ಬ್ಯಾಂಕ್ 2025ರ ಫೆಬ್ರವರಿಯಲ್ಲಿ ಬ್ಯಾಂಕುಗಳಿಗೆಂದೇ ‘ಬ್ಯಾಂಕ್ ಡಾಟ್ ಇನ್’ ಎಂಬ ಪ್ರತ್ಯೇಕ ಡೊಮೈನ್ ಘೋಷಿಸಿತು, ಅಕ್ಟೋಬರ್ 31ರೊಳಗೆ ಎಲ್ಲ ಬ್ಯಾಂಕುಗಳೂ ಅಲ್ಲಿಗೆ ಬರಬೇಕೆಂದು ಹೇಳಿತು. ಯಾಕೆ? ಜನ ವಿಳಾಸ ನೋಡಿ ನಂಬುತ್ತಾರೆ, ಆದ್ದರಿಂದ ವಿಳಾಸ ನಿಜ ಹೇಳಬೇಕು. ದೇಶ ಆ ಕಡೆಗೆ ನಡೆಯುತ್ತಿರುವಾಗ ನಾವು ವಿಳಾಸಕ್ಕೆ ಮುಸುಕು ಹಾಕುವುದನ್ನು ಭದ್ರತೆ ಎನ್ನುತ್ತಿದ್ದೇವೆ.

ಈಗ ಶಿರ್ವಕ್ಕೆ ಬರೋಣ. ಇಲ್ಲಿ ಮುಂಬೈಯಲ್ಲೋ ಗಲ್ಫಿನಲ್ಲೋ ಒಬ್ಬರಾದರೂ ಇಲ್ಲದ ಮನೆ ಹುಡುಕಬೇಕಾದೀತು. ಅವರಿಗೂ ಊರಿಗೂ ನಡುವೆ ಕಚೇರಿ ವ್ಯವಹಾರದ ಸೇತುವೆ ಇಮೇಲ್. ವಾಟ್ಸ್‌ಆ್ಯಪ್‌ನಲ್ಲಿ ಮದುವೆ ಫೋಟೊ ಬರುತ್ತದೆ, ದಾಖಲೆ ಬರುವುದಿಲ್ಲ. ಕುವೈತಿನಲ್ಲಿರುವವನೊಬ್ಬ ವೀಸಾದ ಕೆಲಸಕ್ಕೆ ತಾನು ಓದಿದ ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ಕೇಳಿದ ಎಂದಿಟ್ಟುಕೊಳ್ಳಿ. ಕಚೇರಿಯ ಗುಮಾಸ್ತೆ ಹಳೆಯ ರಿಜಿಸ್ಟರ್ ತೆಗೆದು, ಧೂಳು ಕೊಡವಿ, ಹೆಸರು ಹುಡುಕಿ, ತಂದೆಯ ಹೆಸರಿನ ಕಾಗುಣಿತ ಪಾಸ್‌ಪೋರ್ಟಿಗಿಂತ ಬೇರೆ ಇರುವುದನ್ನು ಗಮನಿಸಿ, ‘ಯಾವುದು ಇರಬೇಕು ತಿಳಿಸಿ’ ಎಂದು ಬರೆಯುತ್ತಾರೆ. ಒಳ್ಳೆಯ ಕೆಲಸ. ಆ ಪತ್ರ ಹೊಸ್ತಿಲು ದಾಟುವಾಗ ಸರ್ವರ್ ಅವರ ಹೆಸರು ಒರೆಸಿ ನೋ-ರಿಪ್ಲೈ ಎಂದು ಬರೆಯುತ್ತದೆ. ಅವನು ಅದೇ ದಿನ ಉತ್ತರಿಸುತ್ತಾನೆ. ಉತ್ತರ ಯಾರೂ ತೆರೆಯದ ಪೆಟ್ಟಿಗೆಗೆ ಬೀಳುತ್ತದೆ. ಗುಮಾಸ್ತೆ ಕಾಯುತ್ತಾರೆ, ಅವನೂ ಕಾಯುತ್ತಾನೆ. ಅವನಿಗೆ ಕಚೇರಿಯವರ ಅಹಂಕಾರ ಕಾಣುತ್ತದೆ, ಅವರಿಗೆ ಗಲ್ಫಿನವರ ಉಡಾಫೆ. ಕೊನೆಗೆ ಫೋನ್: “ಭಾವ, ಒಮ್ಮೆ ಶಾಲೆಗೆ ಹೋಗಿ ಕೇಳಿ ಬರ್ತೀರಾ?” ಭಾವ ಅರ್ಧ ದಿನದ ಕೆಲಸ ಬಿಟ್ಟು ಬೈಕ್ ತೆಗೆಯುತ್ತಾರೆ. ತಲೆಬಿಸಿ ದಾಟಿದ್ದು ಇಲ್ಲಿಗೆ.

ಇಷ್ಟೇ ಆಗಿದ್ದರೆ ಸಹಿಸಬಹುದಿತ್ತೇನೋ. ಬೌನ್ಸ್ ಎಂಬುದೊಂದಿದೆ. ಪತ್ರ ತಲುಪದಿದ್ದರೆ ಪಡೆಯುವ ಕಡೆಯ ಸರ್ವರ್ ‘ಈ ಹೆಸರಿನವರು ಇಲ್ಲಿಲ್ಲ’, ‘ಪೆಟ್ಟಿಗೆ ತುಂಬಿದೆ’ ಎಂದು ತಕರಾರು ಹೇಳುತ್ತದೆ. ಆ ಸುದ್ದಿ ಹಿಂದಿರುಗುವುದು ಲಕೋಟೆಯ ಮೇಲಿನ ವಿಳಾಸಕ್ಕೆ. ಲಕೋಟೆಯಲ್ಲೂ ನೋ-ರಿಪ್ಲೈ ಇದ್ದರೆ ಸುದ್ದಿ ಅಲ್ಲಿಗೆ ಹೋಗಿ ಹೂತುಹೋಗುತ್ತದೆ. ಬರೆದವರ ಪಾಲಿಗೆ ಪತ್ರ ಹೋಗಿದೆ. ಅವರ ‘ಸೆಂಟ್’ ಪೆಟ್ಟಿಗೆಯಲ್ಲಿ ಅದು ಶೋಭಿಸುತ್ತಿದೆ. “ನಾವು ಕಳುಹಿಸಿದ್ದೇವೆ, ನಿಮಗೆ ಬರಲಿಲ್ಲವೇ?” ಎಂಬ ಮಾತನ್ನು ನಮ್ಮ ಕಚೇರಿಗಳಲ್ಲಿ ಕೇಳದವರಿಲ್ಲ. ಆ ಮಾತಿನ ಹಿಂದೆ ಎಷ್ಟೋ ಸಲ ಸುಳ್ಳಿಲ್ಲ, ಈ ಸಾಲಿದೆ. ಹಳೆಯ ಅಂಚೆಯಲ್ಲಿ ಕಳುಹಿಸಿದವರ ವಿಳಾಸವಿಲ್ಲದ, ತಲುಪದ ಪತ್ರವನ್ನು ತೆರೆದು ನೋಡಿ ಹಿಂದಿರುಗಿಸಲೆಂದೇ ಒಂದು ಕಚೇರಿ ಇತ್ತು, ರಿಟರ್ನ್ಡ್ ಲೆಟರ್ ಆಫೀಸ್. ನೋ-ರಿಪ್ಲೈ ಪೆಟ್ಟಿಗೆಗೆ ಅಷ್ಟು ಮರ್ಯಾದೆಯೂ ಇಲ್ಲ.

ಕಾನೂನಿನ ಕಡೆಯಿಂದ ನೋಡಿದರೆ ಇನ್ನೂ ಇಕ್ಕಟ್ಟು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 11ನೇ ಕಲಂ ಒಂದು ವಿದ್ಯುನ್ಮಾನ ದಾಖಲೆ ಯಾರದ್ದು ಎಂದು ತೀರ್ಮಾನಿಸುವ ಬಗೆ ಹೇಳುತ್ತದೆ: ಮೂಲ ಕರ್ತೃ ತಾನೇ ಕಳುಹಿಸಿದ್ದು, ಅವರ ಪರವಾಗಿ ಅಧಿಕಾರ ಇದ್ದವರು ಕಳುಹಿಸಿದ್ದು, ಅಥವಾ ಅವರು ತಾನಾಗಿ ಕೆಲಸ ಮಾಡುವಂತೆ ಹೊಂದಿಸಿದ ವ್ಯವಸ್ಥೆ ಕಳುಹಿಸಿದ್ದು. ಮನುಷ್ಯ ಬರೆದದ್ದು, ಯಂತ್ರ ತಾನಾಗಿ ಕಳುಹಿಸಿದ್ದು ಎಂಬ ಭೇದ ಅಲ್ಲಿ ಸ್ಪಷ್ಟವಾಗಿದೆ. ಒಂದೇ ಸಾಲು ಆ ಭೇದವನ್ನೇ ಒರೆಸುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 90ನೇ ಕಲಂ ಇನ್ನೂ ಮಾರ್ಮಿಕ. ಹಳೆಯ ಸಾಕ್ಷ್ಯ ಕಾಯ್ದೆಯ 88ಎ ಕಲಮೇ ಇಲ್ಲಿಗೆ ಬಂದಿದೆ. ಮೇಲ್ ಸರ್ವರ್ ಮೂಲಕ ತಲುಪಿದ ಸಂದೇಶ, ಕಳುಹಿಸುವವರು ತಮ್ಮ ಕಂಪ್ಯೂಟರಿಗೆ ಊಡಿಸಿದ ಸಂದೇಶವೇ ಎಂದು ನ್ಯಾಯಾಲಯ ಭಾವಿಸಬಹುದು. ಆದರೆ ಅದನ್ನು ಕಳುಹಿಸಿದವರು ಯಾರು ಎಂಬ ಬಗ್ಗೆ ಯಾವ ಭಾವನೆಗೂ ಬರುವಂತಿಲ್ಲ. ಕಳುಹಿಸಿದವರು ಯಾರೆಂದು ನಾವು ಸಾಬೀತು ಮಾಡಬೇಕು. ಆ ಸಾಬೀತಿಗೆ ಇರುವ ಮೊದಲ ಎಳೆಯನ್ನೇ ನಮ್ಮ ಸರ್ವರ್ ಕತ್ತರಿಸಿ ಹಾಕಿರುತ್ತದೆ. ಊಡಿಸಿದ್ದೇ ಬಂದಿದೆ ಎಂಬ ಭಾವನೆಯನ್ನೂ ಎದುರು ಪಕ್ಷದ ವಕೀಲರು ಅಲುಗಾಡಿಸಬಹುದು, ಯಾಕೆಂದರೆ ದಾರಿಯಲ್ಲಿ ತಿದ್ದುವ ಯಂತ್ರವನ್ನು ನಾವೇ ಕೂರಿಸಿದ್ದೇವೆ.

ಮೂರನೆಯದು ಅಚ್ಚುಕಟ್ಟಿನ ವಾದ. ಸಂಸ್ಥೆಗೆ ಒಂದೇ ಮುಖ ಇರಬೇಕಂತೆ. ಜನ ಬರುತ್ತಾರೆ, ಹೋಗುತ್ತಾರೆ, ವಿಳಾಸ ನಿಲ್ಲಬೇಕಂತೆ. ವಿಳಾಸ ನಿಲ್ಲಬೇಕು, ನಾನೂ ಒಪ್ಪುತ್ತೇನೆ. ಮಣಿಪಾಲದ ಉನ್ನತ ಶಿಕ್ಷಣ ಸಂಸ್ಥೆಯ ಹೆಸರು ‘ಮಾಹೆ’ ಇದ್ದದ್ದು ‘ಮಣಿಪಾಲ ವಿಶ್ವವಿದ್ಯಾಲಯ’ ಆಯಿತು, ಮತ್ತೆ ಮಾಹೆ ಆಯಿತು. ಇಮೇಲ್ ವಿಳಾಸ ‘ಮಣಿಪಾಲ್ ಡಾಟ್ ಎಜು’ ಎಂದೇ ಉಳಿಯಿತು. ಕೇಂದ್ರ ಸರ್ಕಾರಿ ನೌಕರರ ಮೇಲ್ ಎನ್‌ಐಸಿ ವ್ಯವಸ್ಥೆಯಿಂದ ಜೋಹೊ ವೇದಿಕೆಗೆ ಸಾಗಿದರೂ ವಿಳಾಸದಲ್ಲಿ ‘ಗವ್ ಡಾಟ್ ಇನ್’ ಕದಲಲಿಲ್ಲ. ಸ್ಥಿರವಾದ ಮುಖ ಅಂದರೆ ಇದು. ಅದಕ್ಕಾಗಿ ಯಾರನ್ನೂ ಮುಖಹೀನರನ್ನಾಗಿ ಮಾಡಬೇಕಾಗಿಲ್ಲ. ಗುಮಾಸ್ತೆ ಬದಲಾದರೂ ನಿಲ್ಲುವ ವಿಳಾಸ ಬೇಕಿದ್ದರೆ ‘ಪರೀಕ್ಷಾ ವಿಭಾಗ’ ಎಂದು ಹುದ್ದೆಯ ಹೆಸರಿನಲ್ಲಿ ಮಾಡಿ, ಆ ಪೆಟ್ಟಿಗೆಯನ್ನು ಇಬ್ಬರು ತೆರೆಯಲಿ. ಹುದ್ದೆಗೆ ಬರೆದರೆ ಉತ್ತರ ಬರುತ್ತದೆ. ನೋ-ರಿಪ್ಲೈ ಎಂಬುದು ಯಾವ ಕಚೇರಿಯಲ್ಲೂ ಇಲ್ಲದ ಹುದ್ದೆ.

ನಿಯಮ ಬರೆದವರು ಇದನ್ನೆಲ್ಲ ಯೋಚಿಸಿರಲಿಲ್ಲ ಎನ್ನಬೇಡಿ. ಇಮೇಲಿನ ಹೆಡರ್ ಹೇಗಿರಬೇಕು ಎಂದು ಹೇಳುವ ಆರ್‌ಎಫ್‌ಸಿ 5322 ಬಂದದ್ದು 2008ರಲ್ಲಿ, ಅದರ ಪೂರ್ವಜ 822 ಬಂದದ್ದು 1982ರಲ್ಲಿ. ಬರೆದವರಿಗೆ ‘ಫ್ರಮ್’, ಅವರ ಪರವಾಗಿ ಕಳುಹಿಸಿದವರಿಗೆ ‘ಸೆಂಡರ್’, ಉತ್ತರ ಬೇರೆಡೆಗೆ ಬರಬೇಕಿದ್ದರೆ ‘ರಿಪ್ಲೈ-ಟು’ ಎಂದು ಬೇರೆ ಬೇರೆ ಜಾಗ ಅಲ್ಲಿದೆ. ಇನ್ನೊಬ್ಬರ ಪರವಾಗಿ ಕಾರ್ಯದರ್ಶಿ ಮೇಲ್ ಕಳುಹಿಸಿದರೆ ಯಾರ ಹೆಸರು ಎಲ್ಲಿ ಬರಬೇಕು ಎಂಬ ಉದಾಹರಣೆಯನ್ನೂ ಕೊಟ್ಟಿದ್ದಾರೆ. ಪತ್ರ ಬರೆದವರಿಗೆ ಸೇರದ ವಿಳಾಸವನ್ನು ಫ್ರಮ್‌ನಲ್ಲಿ ಹಾಕಬಾರದು ಎಂದೂ ಸ್ಪಷ್ಟವಾಗಿ ಬರೆದಿದ್ದಾರೆ. ಇಷ್ಟು ಖಾನೆಗಳಿರುವ ಕಪಾಟು ಕೊಟ್ಟರೆ ನಾವು ಎಲ್ಲವನ್ನೂ ಒಂದೇ ಖಾನೆಗೆ ತುರುಕಿ ಬೀಗದ ಕೈ ಬಾವಿಗೆ ಎಸೆದಿದ್ದೇವೆ.

ಎದುರು ಪಕ್ಷದ ಬಲವಾದ ಅಸ್ತ್ರವನ್ನು ನಾನೇ ಎತ್ತಿ ಕೊಡುತ್ತೇನೆ. 2014ರ ಏಪ್ರಿಲ್‌ನಲ್ಲಿ ಯಾಹೂ ತನ್ನ ವಿಳಾಸದ ಮೇಲೆ ಕಟ್ಟುನಿಟ್ಟಿನ ಡಿಮಾರ್ಕ್ ಹೇರಿದಾಗ ಜಗತ್ತಿನ ಮೇಲಿಂಗ್ ಲಿಸ್ಟುಗಳು ಕಂಗಾಲಾದವು. ಒಬ್ಬರು ಬರೆದದ್ದನ್ನು ನೂರು ಜನಕ್ಕೆ ಹಂಚುವ ಆ ಪಟ್ಟಿಗಳು ಬದುಕಲು ಫ್ರಮ್ ತಿದ್ದಲೇಬೇಕಾಯಿತು. ಇಂಟರ್ನೆಟ್ಟಿನ ನಿಯಮ ಬರೆಯುವ ಐಇಟಿಎಫ್ ಕೂಡ ತನ್ನ ಪಟ್ಟಿಗಳಲ್ಲಿ ತಿದ್ದುತ್ತದೆ. ಹೇಗೆ ತಿದ್ದುತ್ತದೆ ನೋಡಿ: ಬರೆದವರ ಪೂರ್ತಿ ವಿಳಾಸವನ್ನು ಹೊಸ ವಿಳಾಸದೊಳಗೇ ಮಡಚಿಡುತ್ತದೆ. ಬಿಚ್ಚಿದರೆ ಮನುಷ್ಯ ಸಿಗುತ್ತಾನೆ. ಪತ್ರವನ್ನು ಮುಂದಕ್ಕೆ ರವಾನಿಸುವ ಸರ್ವರುಗಳು ಬಳಸುವ ಎಸ್‌ಆರ್‌ಎಸ್ ಪದ್ಧತಿಯೂ ಹೀಗೆಯೇ. ಅದು ಲಕೋಟೆಯನ್ನಷ್ಟೇ ತಿದ್ದುತ್ತದೆ, ಹಳೆಯ ವಿಳಾಸವನ್ನು ಅದರೊಳಗೇ ಉಳಿಸುತ್ತದೆ. ವಿಧಿಯಿಲ್ಲದೆ ತಿದ್ದಬೇಕಾದವರು ತೋರಿಸಿದ ಈ ಸಂಕೋಚ, ಬೇರೆ ದಾರಿ ಇದ್ದೂ ಸೋಮಾರಿತನಕ್ಕೆ ತಿದ್ದುವವರಲ್ಲಿ ಇಲ್ಲ.

ವೆಬ್‌ಸೈಟಿನ ‘ಸಂಪರ್ಕಿಸಿ’ ಫಾರ್ಮಿನ ಪ್ರಶ್ನೆಯನ್ನೂ ಎತ್ತುತ್ತಾರೆ. ಅಲ್ಲಿ ತುಂಬಿದವರ ಜಿಮೇಲ್ ವಿಳಾಸವನ್ನೇ ಫ್ರಮ್‌ನಲ್ಲಿ ಹಾಕಿ ಕಳುಹಿಸಿದರೆ ಮೇಲ್ ತಿರಸ್ಕೃತವಾಗುತ್ತದಲ್ಲ, ಆಗ ತಿದ್ದಬೇಡವೇ? ತಿದ್ದಬೇಕು. ಅಲ್ಲಿ ಮೇಲ್ ಬರೆದದ್ದು ಫಾರ್ಮ್. ಆ ವ್ಯಕ್ತಿ ಜಿಮೇಲ್ ತೆರೆಯಲೇ ಇಲ್ಲ, ಆದರೂ ಅವರ ಹೆಸರಿನಲ್ಲಿ ಪತ್ರ ಹುಟ್ಟಿಸುವುದು ಇನ್ನೊಂದು ಬಗೆಯ ಸುಳ್ಳು. ಫ್ರಮ್‌ನಲ್ಲಿ ಸಂಸ್ಥೆಯ ಫಾರ್ಮ್ ವಿಳಾಸ, ರಿಪ್ಲೈ-ಟುನಲ್ಲಿ ಅವರ ವಿಳಾಸ ಇರಲಿ. ಬ್ಯಾಕಪ್ ಯಂತ್ರದ ವರದಿಗೂ ‘ಬ್ಯಾಕಪ್’ ಎಂಬ ಹೆಸರೇ ಇರಲಿ, ಪ್ರಾಂಶುಪಾಲರದ್ದು ಬೇಡ. ನಾನು ಕೇಳುವುದು ಎರಡೂ ಕಡೆಗೆ ಒಂದೇ: ಬರೆದದ್ದು ಯಾರೋ ಅವರ ಹೆಸರೇ ಇರಲಿ.

ಹಾಗಾದರೆ ಶಿರ್ವದ ಒಂದು ಸಾಧಾರಣ ಸಂಸ್ಥೆ ಏನು ಮಾಡಬೇಕು? ಯಂತ್ರಕ್ಕೆ ಸಂಸ್ಥೆಯ ಡೊಮೈನಿನೊಳಗಿನ ಸರಿಯಾದ ಹೆಸರಿಡಬೇಕು. ಅರ್ಧ ತೊಂದರೆ ಅಲ್ಲೇ ತೀರುತ್ತದೆ. ಡೊಮೈನಿನ ಪಾಸ್‌ವರ್ಡ್ ಸಂಸ್ಥೆಯ ಕಪಾಟಿಗೆ ವಾಪಸು ಬರಬೇಕು. ಎಸ್‌ಪಿಎಫ್, ಡಿಕಿಮ್ ದಾಖಲೆ ಹಾಕಬೇಕು. ಆಮೇಲೂ ಒಳಗಿನ ಹೆಸರು ಉಳಿದಿದ್ದರೆ ಒಬ್ಬೊಬ್ಬರಿಗೆ ಒಂದೊಂದು ಸಾಲಿನಂತೆ ಜೆನೆರಿಕ್ ಪಟ್ಟಿ ಬರೆಯಬೇಕು, ಸಹಿ ಬೀಳುವ ಹೊತ್ತಿಗೆ ತಿದ್ದುಪಡಿ ಮುಗಿದಿದೆಯೇ ಎಂದು ಪರೀಕ್ಷಿಸಬೇಕು. ಮೂವತ್ತು ಜನರ ಕಚೇರಿಗೆ ಮೂವತ್ತು ಸಾಲು. ಪಕ್ಕದ ಬಂಟಕಲ್ಲಿನಲ್ಲಿ 2010ರಿಂದ ಎಂಜಿನಿಯರಿಂಗ್ ಕಾಲೇಜಿದೆ. ಇದು ಅಲ್ಲಿಯ ವಿದ್ಯಾರ್ಥಿಗೆ ಒಂದು ಮಧ್ಯಾಹ್ನದ ಪ್ರಾಯೋಗಿಕ ಪಾಠ. ದೊಡ್ಡ ಯಂತ್ರ ಬೇಡ, ದುಬಾರಿ ಪರವಾನಗಿ ಬೇಡ.

ಸರ್ವರ್ ಹೊಂದಿಸಿಕೊಟ್ಟವರು ಬಿಲ್ ಹಿಡಿದು ನಿಂತಾಗ ಸಹಿ ಹಾಕುವ ಮೊದಲು ಕಾರ್ಯದರ್ಶಿಗಳು ಕಚೇರಿಯ ನಾಲ್ಕು ಬೇರೆ ಬೇರೆ ಮೇಜಿನಿಂದ ತಮ್ಮ ಸ್ವಂತ ಜಿಮೇಲಿಗೆ ಒಂದೊಂದು ಮೇಲ್ ತರಿಸಿಕೊಳ್ಳಲಿ, ನಾಲ್ಕಕ್ಕೂ ಉತ್ತರ ಬರೆಯಲಿ, ಉತ್ತರ ಅದೇ ಮೇಜಿಗೆ ಹೋಗಿ ಮುಟ್ಟಿತೇ ಎಂದು ಎದ್ದು ಹೋಗಿ ನೋಡಲಿ. ಐದನೆಯದನ್ನು ಇಲ್ಲದ ವಿಳಾಸವೊಂದಕ್ಕೆ ಕಳುಹಿಸಿಸಿ, ಬೌನ್ಸ್ ಯಾರ ಪೆಟ್ಟಿಗೆಗೆ ಬಂತು ಎಂದು ಕೇಳಲಿ. ಮೇಲ್ ಪಡೆಯುವ ಪ್ರತಿ ಡೊಮೈನಿಗೂ ‘ಪೋಸ್ಟ್‌ಮಾಸ್ಟರ್’ ಎಂಬ ವಿಳಾಸ ಇರಲೇಬೇಕು, ಅದಕ್ಕೆ ಬಂದದ್ದನ್ನು ಸ್ವೀಕರಿಸಲೇಬೇಕು ಎಂಬುದು ಆರ್‌ಎಫ್‌ಸಿ 5321ರ ನಿಯಮ. ಆರನೆಯ ಮೇಲ್ ಅಲ್ಲಿಗೆ ಹೋಗಲಿ, ಅದನ್ನು ಓದುವವರ ಹೆಸರು ಬಿಲ್ಲಿನ ಹಿಂಬದಿಯಲ್ಲಿ ಬರೆಸಿಕೊಂಡ ಮೇಲೆ ಚೆಕ್ ಹರಿದು ಕೊಡಲಿ.